ಹಳೇ ಪತ್ರಿಕೆಯ ಕಣ್ಣು ಕುಕ್ಕುವ ಸ್ವೆಟರ್: ಪ್ಯಾಟರ್ನ್ ಓದುವುದರಿಂದ ಕೊನೆಯ ಹೊಲಿಗೆವರೆಗೆ

ಕಿತ್ತಳೆ, ಕಂದು, ಗಿಳಿಹಸಿರು ಒಟ್ಟಿಗೆ ಕುಣಿಯುವ 1970ರ ದಶಕದ ವೆಸ್ಟ್. ಎದೆ ತುಂಬಾ ದೊಡ್ಡ ಗಿಳಿ ಕೂತಿರುವ 1980ರ ದಶಕದ ದೊಗಳೆ ಸ್ವೆಟರ್. ಹಳೇ ಪತ್ರಿಕೆಯಲ್ಲಿ ಇಂಥದ್ದನ್ನು ನೋಡಿ ಆಸೆಪಟ್ಟು ಕಡ್ಡಿ ಹಿಡಿದವರು ಬಹಳ ಮಂದಿ ಒಂದೇ ಕಡೆ ಎಡವುತ್ತಾರೆ. ಮೂರು ತಿಂಗಳು ಹೆಣೆದ ಮೇಲೆ ಕೈಗೆ ಬರುವುದು ಒಂದೋ ಗೊಂಬೆಯ ಅಂಗಿ, ಇಲ್ಲಾ ಡೇರೆ. ಆಮೇಲೆ ಬೈಗುಳವೆಲ್ಲ ಬಣ್ಣಕ್ಕೆ. ‘ಮುಂದಿನ ಸಲ ತಿಳಿ ಬಣ್ಣ ತಗೋತೀನಿ’ ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಪಾಪ, ಬಣ್ಣ ಏನೂ ತಪ್ಪು ಮಾಡಿಲ್ಲ. ಪುಟದಲ್ಲಿರುವ ಅಂಕಿಗಳನ್ನು ಇವತ್ತಿನ ಅಂಕಿ ಅಂದುಕೊಂಡದ್ದೇ ತಪ್ಪು. ಕಡ್ಡಿಯ ನಂಬರ್, ಉಂಡೆಯ ತೂಕ, ಎದೆಯ ಅಳತೆ ಮೂರೂ ಬೇರೆ ಕಾಲದವು. ಅದಕ್ಕೇ ಇಲ್ಲಿರುವ ಹಂತಗಳಲ್ಲಿ ಹೆಚ್ಚಿನವು ಮೊದಲ ಸ್ಟಿಚ್ ಹಾಕುವ ಮುಂಚಿನವು. ನಿಟ್, ಪರ್ಲ್, ಸ್ಟಿಚ್ ಹೆಚ್ಚಿಸುವುದು, ಇಳಿಸುವುದು ಇಷ್ಟು ಬಂದರೆ ಸಾಕು. ಉಳಿದದ್ದು ಬರೀ ಲೆಕ್ಕ.

ಮೊದಲು ಜೋಡಿಸಿಕೊಳ್ಳಿ

ಮಿಲಿಮೀಟರ್ ಅಳತೆ ಬರೆದಿರುವ ಕಡ್ಡಿಗಳು. ಕಡ್ಡಿಯ ದಪ್ಪ ನೋಡುವ ತೂತಿನ ಅಳತೆಪಟ್ಟಿ (ಹಳೇ ಕಡ್ಡಿಗಳ ಮೇಲಿನ ನಂಬರ್ ಅಳಿಸಿಹೋಗಿರುತ್ತೆ, ಇದಿಲ್ಲದೆ ಆಗದು). ಇಂಚು ಮತ್ತು ಸೆಂಟಿಮೀಟರ್ ಎರಡೂ ಇರುವ ಟೇಪು. 1 ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ. ಕ್ಯಾಲ್ಕುಲೇಟರ್, ಬಣ್ಣದ ಪೆನ್ಸಿಲ್, ಅಂಟುವ ಚೀಟಿ, ನೂಲು ಸುತ್ತಿಡಲು ಸಣ್ಣ ರಟ್ಟಿನ ತುಂಡುಗಳು. ಮೊಂಡು ತುದಿಯ ದಪ್ಪ ಸೂಜಿ. ಇಷ್ಟೇ. ತಕ್ಕಡಿ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಂತ 1: ಪುಟಗಳು ಪೂರ್ತಿ ಇವೆಯಾ ನೋಡಿ

ಹಳೇ ಪತ್ರಿಕೆಗಳಲ್ಲಿ ಬಣ್ಣದ ಫೋಟೋ ಮುಂದಿನ ಪುಟಗಳಲ್ಲಿ, ಅದರ ಸೂಚನೆ ಎಲ್ಲೋ ಹಿಂದಿನ ಕಪ್ಪು-ಬಿಳುಪು ಪುಟದಲ್ಲಿ. ‘ಮುಂದುವರಿದಿದೆ, ಪುಟ 64’ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಯಾರೋ ಕತ್ತರಿಸಿ ಇಟ್ಟ ಪುಟ ನಿಮಗೆ ಸಿಕ್ಕಿದ್ದರೆ ಆ 64ನೇ ಪುಟ ಇಲ್ಲದೇ ಇರುವ ಸಾಧ್ಯತೆಯೇ ಜಾಸ್ತಿ.

ಪೆನ್ಸಿಲ್ ಹಿಡಿದು ಗುರುತು ಹಾಕುತ್ತಾ ಹೋಗಿ: ಹಿಂಭಾಗ, ಮುಂಭಾಗ, ತೋಳು, ಕುತ್ತಿಗೆ ಪಟ್ಟಿ, ಜೋಡಣೆ, ಸಂಕ್ಷೇಪಗಳ ಪಟ್ಟಿ, ಚಾರ್ಟ್ (ಒಂದು ಮನೆಗೆ ಒಂದು ಸ್ಟಿಚ್‌ನಂತೆ ವಿನ್ಯಾಸ ತೋರಿಸುವ ಚೌಕುಳಿ ನಕ್ಷೆ). ಸಂಕ್ಷೇಪಗಳ ಪಟ್ಟಿ ಎಷ್ಟೋ ಸಲ ಪತ್ರಿಕೆಯ ಮೊದಲ ಹೆಣಿಗೆ ಪುಟದಲ್ಲಿ ಒಂದೇ ಕಡೆ ಇರುತ್ತದೆ, ಪ್ರತಿ ಪ್ಯಾಟರ್ನ್ ಜೊತೆ ಇರುವುದಿಲ್ಲ. ಹಾಗೇ ಮುಂದಿನ ತಿಂಗಳ ಸಂಚಿಕೆ ಸಿಕ್ಕರೆ ಅದರಲ್ಲಿ ತಿದ್ದುಪಡಿ ಅಚ್ಚಾಗಿದೆಯಾ ನೋಡಿ. ಆಗಲೂ ತಪ್ಪುಗಳು ಇರುತ್ತಿದ್ದವು, ಒಂದು ತಿಂಗಳು ತಡವಾಗಿ ಕ್ಷಮೆ ಬರುತ್ತಿತ್ತು ಅಷ್ಟೆ.

ಪುಟ ಹರಿದಿದ್ದರೆ ಕುತ್ತಿಗೆ ಪಟ್ಟಿ, ಜೋಡಣೆಯಂಥ ಭಾಗಗಳನ್ನು ಊಹಿಸಿ ಮಾಡಬಹುದು. ಚಾರ್ಟ್ ಇಲ್ಲದಿದ್ದರೆ ಫೋಟೋ ನೋಡಿ ಬರೆಯಲು ಹೋಗಬೇಡಿ, ಬೇರೆ ಪ್ಯಾಟರ್ನ್ ಹುಡುಕಿ. ಪೂರ್ತಿ ಇರುವ ಹಳೇ ಪ್ಯಾಟರ್ನ್ ಮೇಲೆ ಕೈ ಪಳಗಿಸಬೇಕಾದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 1940ರ ದಶಕದ ಕೆಲವನ್ನು ತನ್ನ ಜಾಲತಾಣದಲ್ಲಿ ಪುಕ್ಕಟೆ ಹಾಕಿದೆ.

ಹಂತ 2: ಬ್ರಿಟನ್ನಿನದೋ ಅಮೆರಿಕದ್ದೋ ಪತ್ತೆ ಹಚ್ಚಿ

ಅತಿ ಹೆಚ್ಚು ಸ್ವೆಟರ್ ಹಾಳಾಗುವುದು ಇಲ್ಲೇ. ಬ್ರಿಟನ್ನಿನ ಹಳೇ ಕಡ್ಡಿಗಳಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. ಅಮೆರಿಕದಲ್ಲಿ ನಂಬರ್ ದೊಡ್ಡದಾದರೆ ಕಡ್ಡಿಯೂ ದಪ್ಪ. ‘ನಂಬರ್ 8’ ಅಂದರೆ ಬ್ರಿಟನ್ನಿನಲ್ಲಿ 4 ಮಿ.ಮೀ., ಅಮೆರಿಕದಲ್ಲಿ 5 ಮಿ.ಮೀ. ‘ನಂಬರ್ 10’ ಅಂತೂ ಇನ್ನೂ ಮೋಸ: ಬ್ರಿಟನ್ನಿನಲ್ಲಿ 3.25, ಅಮೆರಿಕದಲ್ಲಿ 6.

ನನ್ನ ಮೊದಲ ಹಳೇ ಸ್ವೆಟರ್ ಹೋದದ್ದು ಹೀಗೇ. ಹಿಂಭಾಗಕ್ಕೆ 100 ಸ್ಟಿಚ್. ಇಂಚಿಗೆ 5.5 ಸ್ಟಿಚ್ ಬರಬೇಕಿತ್ತು, ಅಂದರೆ ಸುತ್ತಳತೆ 36 ಇಂಚು ಚಿಲ್ಲರೆ. ನಾನು 8 ಅಂತ ನೋಡಿ 5 ಮಿ.ಮೀ. ಕಡ್ಡಿ ಎತ್ತಿಕೊಂಡೆ. ಇಂಚಿಗೆ 4.5 ಬಂತು. ಸುತ್ತಳತೆ 44 ದಾಟಿತು. ಎರಡೂ ತೋಳು ಮುಗಿಸಿ ಹೊಲಿದ ಮೇಲೆ ಗೊತ್ತಾಯಿತು ಅನ್ನುವುದು ಇನ್ನೂ ನಾಚಿಕೆಯ ವಿಷಯ.

ಪತ್ತೆ ಹಚ್ಚಲು ಸುಲಭದ ದಾರಿ ಇದೆ. ಕೆಳಗಿನ ರಿಬ್ ಪಟ್ಟಿಗೆ (ನಿಟ್, ಪರ್ಲ್ ಸರದಿಯಲ್ಲಿ ಹೆಣೆದ, ಹಿಗ್ಗುವ ಅಂಚು) ಹೆಚ್ಚುಕಡಿಮೆ ಯಾವಾಗಲೂ ಮೈ ಭಾಗಕ್ಕಿಂತ ಸಣ್ಣ ಕಡ್ಡಿ ಬಳಸುತ್ತಾರೆ. ಪ್ಯಾಟರ್ನ್‌ನಲ್ಲಿ ರಿಬ್‌ಗೆ 12, ಮೈಗೆ 10 ಅಂತಿದ್ದರೆ, ಅಂದರೆ ರಿಬ್‌ನ ನಂಬರ್ ದೊಡ್ಡದಿದ್ದರೆ, ಅದು ಬ್ರಿಟನ್ನಿನದು. ರಿಬ್‌ಗೆ 3, ಮೈಗೆ 5 ಅಂತಿದ್ದರೆ ಅಮೆರಿಕದ್ದು. ಭಾಷೆಯೂ ಹೇಳುತ್ತದೆ. ‘ಟೆನ್ಷನ್’ (ಇಂಚಿಗೆ ಎಷ್ಟು ಸ್ಟಿಚ್, ಎಷ್ಟು ಸಾಲು ಅನ್ನುವ ಅಳತೆ), ‘ಕಾಸ್ಟ್ ಆಫ್’ (ಸ್ಟಿಚ್ ಮುಚ್ಚುವುದು), ‘ವುಲ್ ಫಾರ್ವರ್ಡ್’, ‘ಡಬಲ್ ನಿಟಿಂಗ್’ ಇದ್ದರೆ ಬ್ರಿಟನ್. ‘ಗೇಜ್’, ‘ಬೈಂಡ್ ಆಫ್’, ‘ಯಾರ್ನ್ ಓವರ್’, ‘ವರ್ಸ್ಟೆಡ್’ ಇದ್ದರೆ ಅಮೆರಿಕ. 1970ರ ದಶಕದ ನಡುವಿನಿಂದ ಬ್ರಿಟನ್ನಿನ ಪ್ಯಾಟರ್ನ್‌ಗಳಲ್ಲಿ ಮಿಲಿಮೀಟರ್ ಕಾಣಿಸಿಕೊಳ್ಳತೊಡಗುತ್ತದೆ. ಆಗ ತಲೆನೋವಿಲ್ಲ.

ಹೆಚ್ಚು ಬೇಕಾಗುವ ನಂಬರ್‌ಗಳು ಇವು:

ಬ್ರಿಟನ್: 14 = 2 ಮಿ.ಮೀ., 13 = 2.25, 12 = 2.75, 11 = 3, 10 = 3.25, 9 = 3.75, 8 = 4, 7 = 4.5, 6 = 5, 5 = 5.5, 4 = 6.

ಅಮೆರಿಕ: 1 = 2.25 ಮಿ.ಮೀ., 2 = 2.75, 3 = 3.25, 4 = 3.5, 5 = 3.75, 6 = 4, 7 = 4.5, 8 = 5, 9 = 5.5, 10 = 6.

ಇದನ್ನು ಪ್ಯಾಟರ್ನ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಬಿಡಿ. ಮೂಲ ನಂಬರ್ ಹೊಡೆದು ಹಾಕಿ. ರಾತ್ರಿ ನಿದ್ದೆಗಣ್ಣಲ್ಲಿ ಮತ್ತೆ ಅದನ್ನೇ ನೋಡುತ್ತೀರಿ.

ಅಂಚಿಗೆ ಕ್ರೋಶಾ ಇದ್ದರೆ ಅಲ್ಲೂ ಇದೇ ಗೊಂದಲ. ಬ್ರಿಟನ್ನಿನ ‘ಡಬಲ್ ಕ್ರೋಶೆ’ ಅಂದರೆ ಅಮೆರಿಕದ ‘ಸಿಂಗಲ್ ಕ್ರೋಶೆ’. ಅಮೆರಿಕದ ಡಬಲ್ ಹಾಕಿದರೆ ಅಂಚು ಎರಡರಷ್ಟು ಎತ್ತರ ಬಂದು ಬಾಡಿದ ಎಲೆಯ ಹಾಗೆ ಜೋತುಬೀಳುತ್ತದೆ.

ಹಂತ 3: ಸಂಕ್ಷೇಪಗಳನ್ನು ಬಿಡಿಸಿ ಬರೆದುಕೊಳ್ಳಿ

ಇದು ಬೇಗ ಮುಗಿಯುತ್ತದೆ. ‘ಡಬ್ಲ್ಯು.ಎಫ್.’, ‘ಡಬ್ಲ್ಯು.ಆರ್.ಎನ್.’, ‘ಡಬ್ಲ್ಯು.ಒ.ಎನ್.’ ಮೂರೂ ನೂಲನ್ನು ಕಡ್ಡಿಯ ಮೇಲೆ ಹಾಯಿಸಿ ತೂತು ಬರುವಂತೆ ಹೊಸ ಸ್ಟಿಚ್ ಮಾಡುವುದೇ. ಅಕ್ಕಪಕ್ಕದಲ್ಲಿ ನಿಟ್ ಇದೆಯೋ ಪರ್ಲ್ ಇದೆಯೋ ಅನ್ನುವುದರ ಮೇಲೆ ಹೆಸರು ಬೇರೆ. ‘ಟಿ.ಬಿ.ಎಲ್.’ ಅಂದರೆ ಕುಣಿಕೆಯ ಹಿಂಬದಿಯಿಂದ ಹೆಣೆಯುವುದು. ‘ಪಿ.ಎಸ್.ಎಸ್.ಒ.’ ಅಂದರೆ ಹೆಣೆಯದೆ ದಾಟಿಸಿಟ್ಟ ಸ್ಟಿಚ್ಚನ್ನು ಎತ್ತಿ ಮುಂದಿನದರ ಮೇಲಿಂದ ಬೀಳಿಸುವುದು.

ಎಚ್ಚರ ಬೇಕಿರುವುದು ‘ಎಂ.1’ಗೆ. ಇವತ್ತಿನ ಪ್ಯಾಟರ್ನ್‌ಗಳಲ್ಲಿ ಅದು ತೂತು ಕಾಣದ ಹಾಗೆ ಒಂದು ಸ್ಟಿಚ್ ಹೆಚ್ಚಿಸುವುದು. ಹಳೇ ಪ್ಯಾಟರ್ನ್‌ಗಳಲ್ಲಿ ಎಷ್ಟೋ ಸಲ ತೂತು ಬರುವಂಥದ್ದು. ಪಟ್ಟಿ ಇದ್ದರೆ ಅದನ್ನೇ ನಂಬಿ. ಇಲ್ಲದಿದ್ದರೆ ಫೋಟೋದಲ್ಲಿ ಆ ಜಾಗ ಲೇಸಿನ ಹಾಗಿದೆಯಾ ನೋಡಿ.

ಹಂತ 4: ಫೋಟೋ ಮುಚ್ಚಿ, ಭಾಗಾಕಾರ ಮಾಡಿ

ಫೋಟೋದಲ್ಲಿ ಹುಡುಗಿಗೆ ವೆಸ್ಟ್ ಅಚ್ಚುಕಟ್ಟಾಗಿ ಕೂತಿದೆ. ಬೆನ್ನ ಹಿಂದೆ ಪಿನ್ ಹಾಕಿ ಬಿಗಿದಿದ್ದರೆ ನಿಮಗೆ ಹೇಗೆ ಗೊತ್ತಾಗಬೇಕು? ಬಟ್ಟೆಯ ನಿಜವಾದ ಅಗಲ ಹೇಳುವುದು ಒಂದೇ ಲೆಕ್ಕ: ಸ್ಟಿಚ್ ಸಂಖ್ಯೆ ಭಾಗಿಸು ಇಂಚಿನ ಸ್ಟಿಚ್.

ನನ್ನ ಹತ್ತಿರ ಇರುವ ಒಂದು ವೆಸ್ಟ್ ಪ್ಯಾಟರ್ನ್ ತೆಗೆದುಕೊಳ್ಳೋಣ. ಕಂದು, ಕಿತ್ತಳೆ, ಸಾಸಿವೆ, ಗಿಳಿಹಸಿರು, ಕೆನೆಬಣ್ಣದ ವಜ್ರಾಕೃತಿಗಳು. 4 ಪ್ಲೈ ಅನ್ನುವ ತೆಳ್ಳನೆಯ ನೂಲು. ರಿಬ್‌ಗೆ 12, ಮೈಗೆ 10, ಅಂದರೆ 2.75 ಮತ್ತು 3.25 ಮಿ.ಮೀ. ಎದೆ 34 ಇಂಚಿಗೆ. ಇಂಚಿಗೆ 7 ಸ್ಟಿಚ್, 9 ಸಾಲು. ಹಿಂಭಾಗ 122, ಮುಂಭಾಗ 122 ಸ್ಟಿಚ್. ಒಟ್ಟು 244. 7ರಿಂದ ಭಾಗಿಸಿದರೆ 34.9 ಇಂಚು. ಎದೆ 34, ಬಟ್ಟೆ 34.9. ಪಕ್ಕದ ಹೊಲಿಗೆಗೆ ಹೋಗುವುದನ್ನು ಕಳೆದರೆ ಸಡಿಲ ಅನ್ನುವುದೇ ಇಲ್ಲ. ಮೈಗೆ ಅಂಟಿಕೊಳ್ಳುವ ವೆಸ್ಟ್ ಇದು. ತೆಳ್ಳನೆಯ ಶರ್ಟಿನ ಮೇಲೂ ಕಷ್ಟ.

ಪ್ರತಿ ದಶಕಕ್ಕೂ ಒಂದೊಂದು ಚಾಳಿ. 1940ರ ದಶಕದವು ಬಿಗಿ ಮತ್ತು ಗಿಡ್ಡ. ಮೇಲೆ ಏರಿಸಿ ಕಟ್ಟುವ ಸ್ಕರ್ಟಿನ ಜೊತೆ ಸೊಂಟದಲ್ಲೇ ನಿಲ್ಲುತ್ತಿದ್ದವು, ಈಗಿನ ಪ್ಯಾಂಟಿನ ಮೇಲೆ ಹಾಕಿದರೆ ಹೊಟ್ಟೆ ಕಾಣುತ್ತದೆ. 5ರಿಂದ 8 ಸೆಂ.ಮೀ. ಉದ್ದ ಸೇರಿಸಿ. 1970ರ ದಶಕದವು ಕಂಕುಳಲ್ಲಿ ಬಿಗಿ. 1980ರ ದಶಕದವು ಎದೆಗಿಂತ 6ರಿಂದ 10 ಇಂಚು ಅಗಲ, ಹೆಗಲು ಕೆಳಕ್ಕೆ ಜಾರಿದ್ದು. ಹಾಗಾಗಿ ‘34ರಿಂದ 36 ಇಂಚು ಎದೆಗೆ’ ಅಂತ ನೋಡಿ ತಮಗೆ ಚಿಕ್ಕದು ಅಂದುಕೊಂಡು ಒಂದು ಅಳತೆ ದೊಡ್ಡದು ಹೆಣೆದವರೇ ಡೇರೆ ತೊಟ್ಟವರು. ಇನ್ನೊಂದು: 1940 ಮತ್ತು 1980 ಎರಡೂ ಹೆಗಲ ಪ್ಯಾಡಿನ ಕಾಲ. ಪ್ಯಾಡ್ ಇಲ್ಲದೆ ಹಾಕಿದರೆ ಹೆಗಲು ಜೋಲುತ್ತದೆ. ಪ್ಯಾಡ್ ಇಡಿ, ಇಲ್ಲವೇ ಹೆಗಲಲ್ಲಿ ಸ್ಟಿಚ್ ಕಡಿಮೆ ಮಾಡಿ.

ಇದೇ ಹೊತ್ತಿಗೆ ಇಳಿಸುವ ಲೆಕ್ಕವನ್ನೂ ಪರೀಕ್ಷಿಸಿ. ಈ ವೆಸ್ಟಿನಲ್ಲಿ ಕಂಕುಳ ಹತ್ತಿರ ‘ಮುಂದಿನ 2 ಸಾಲಿನ ಆರಂಭದಲ್ಲಿ 6 ಸ್ಟಿಚ್ ಮುಚ್ಚಿ, ಆಮೇಲೆ ಒಂದು ಬಿಟ್ಟು ಒಂದು ಸಾಲಿನಂತೆ 7 ಸಲ ಎರಡೂ ತುದಿಯಲ್ಲಿ 1 ಇಳಿಸಿ, 94 ಸ್ಟಿಚ್ ಉಳಿಯುತ್ತವೆ’ ಅಂತಿದೆ. 122ರಲ್ಲಿ 12 ಹೋದರೆ 110. ಅದರಲ್ಲಿ 14 ಹೋದರೆ 96. 94 ಅಲ್ಲ. ಯಾವುದು ಸರಿ? ಕೊನೆಯಿಂದ ಹಿಂದಕ್ಕೆ ಬನ್ನಿ. ಹೆಗಲಿಗೆ ‘ಮುಂದಿನ 6 ಸಾಲಿನ ಆರಂಭದಲ್ಲಿ 9 ಮುಚ್ಚಿ, ಉಳಿದ 42 ಕುತ್ತಿಗೆಗೆ’. 54 ಮತ್ತು 42 ಸೇರಿದರೆ 96. ಅಂದರೆ 94 ಅಚ್ಚಿನ ತಪ್ಪು. ಮುಂದಿನಿಂದ ಒಂದು ಸಲ, ಹಿಂದಿನಿಂದ ಒಂದು ಸಲ ಲೆಕ್ಕ ಹಾಕಿದರೆ ಇಂಥ ತಪ್ಪು ಹತ್ತು ನಿಮಿಷದಲ್ಲಿ ಸಿಗುತ್ತದೆ. ಕಡ್ಡಿಯ ಮೇಲೆ ಸಿಕ್ಕರೆ ಒಂದು ವಾರ ಹೋಯಿತು ಅಂತಲೇ.

ಹಂತ 5: ನೂಲು ಆರಿಸಿ, ಆದರೆ ಒಂದೊಂದೇ ಉಂಡೆ ತನ್ನಿ

ಪ್ಯಾಟರ್ನ್‌ನಲ್ಲಿ ಹೆಸರಿಸಿದ ನೂಲು ಈಗ ಸಿಗುವುದಿಲ್ಲ. ಹೆಸರನ್ನು ಮರೆತು ಟೆನ್ಷನ್ ನೋಡಿ. 10 ಸೆಂ.ಮೀ.ಗೆ 28 ಸ್ಟಿಚ್ ಇದ್ದರೆ ಇವತ್ತಿನ 4 ಪ್ಲೈ. 22 ಇದ್ದರೆ ಡಬಲ್ ನಿಟಿಂಗ್. 18 ಇದ್ದರೆ ಆರಾನ್. 14 ಇದ್ದರೆ ಚಂಕಿ. 4 ಇಂಚು ಹೆಚ್ಚುಕಡಿಮೆ 10 ಸೆಂ.ಮೀ., ಹಾಗಾಗಿ ಇಂಚಿನ ಅಂಕಿಯನ್ನು 4ರಿಂದ ಗುಣಿಸಿದರೆ ಸಾಕು. ‘ಪ್ಲೈ’ ಅಂದರೆ ಎಷ್ಟು ಎಳೆ ಹೊಸೆದಿದೆ ಅಂತ ಎಣಿಸಲು ಹೋಗಬೇಡಿ. ಅದು ದಪ್ಪದ ಹೆಸರು ಅಷ್ಟೇ.

ಉಂಡೆಯ ಲೆಕ್ಕದಲ್ಲಿ ಇನ್ನೊಂದು ಗುಂಡಿ. ಹಳೇ ಬ್ರಿಟಿಷ್ ಉಂಡೆ 1 ಔನ್ಸ್, ಅಂದರೆ 28 ಗ್ರಾಂ ಚಿಲ್ಲರೆ. ಆಮೇಲೆ 25 ಗ್ರಾಂ ಬಂತು. ಈಗ 50 ಅಥವಾ 100. ‘12 ಉಂಡೆ’ ಅಂತ ಓದಿ 50 ಗ್ರಾಮಿನ 12 ತಂದರೆ ಮನೆ ತುಂಬಾ ನೂಲು. 1 ಔನ್ಸಿನ 12ರ ಬದಲು 25 ಗ್ರಾಮಿನ 12 ತಂದರೆ 40 ಗ್ರಾಂ ಕಡಿಮೆ, ಎರಡನೇ ತೋಳಿನ ನಡುವೆ ಖಾಲಿ.

ತೂಕ ಒಂದೇ ಆದರೂ ಉದ್ದ ಒಂದೇ ಅಲ್ಲ. ಹತ್ತಿ ಉಣ್ಣೆಗಿಂತ ಭಾರ, ಅಕ್ರಿಲಿಕ್ ಉಣ್ಣೆಗಿಂತ ಹಗುರ. 300 ಗ್ರಾಂ ಉಣ್ಣೆ ಹೇಳಿದ ಕಡೆ 300 ಗ್ರಾಂ ಹತ್ತಿ ತಂದರೆ ಸಾಲುವುದಿಲ್ಲ. ಹೋಗಲಿ, ಹತ್ತಿ ಹಾಕಿದರೆ ಸ್ವೆಟರ್ ತನ್ನ ಭಾರಕ್ಕೇ ಮೊಣಕಾಲಿಗೆ ಇಳಿಯುತ್ತೆ, ಅದು ಬೇರೆ ಮಾತು.

ಒಂದೇ ಬಟ್ಟೆಯಲ್ಲಿ ಉಣ್ಣೆ, ಅಕ್ರಿಲಿಕ್ ಬೆರೆಸಬೇಡಿ. ಒಗೆದಾಗ ಒಂದು ಕುಗ್ಗುತ್ತದೆ, ಇನ್ನೊಂದು ಹಾಗೇ ಇರುತ್ತದೆ, ನಡುವೆ ವಜ್ರಗಳು ಉಬ್ಬುತ್ತವೆ. ಮಿನುಗುವ ಲ್ಯೂರೆಕ್ಸ್ ಎಳೆ ಇರುವ ಪ್ಯಾಟರ್ನ್ ಆದರೆ ಕುತ್ತಿಗೆ, ಮಣಿಕಟ್ಟಿನ ಹತ್ತಿರ ಅದನ್ನು ಬಿಡಿ, ಚುಚ್ಚುತ್ತದೆ. ಉದ್ದ ರೋಮದ ಮೊಹೇರ್ ಬೇಕೇ ಬೇಕು ಅನ್ನುವವರು ನೆನಪಿಡಿ: ಅದನ್ನು ಬಿಚ್ಚುವುದು ತುಂಬಾ ಕಷ್ಟ. ಕೂದಲು ಕೂದಲಿಗೆ ಹೆಣೆದುಕೊಂಡಿರುತ್ತದೆ.

ಈಗ ಪ್ರತಿ ಬಣ್ಣದಲ್ಲಿ ಒಂದೇ ಉಂಡೆ ತನ್ನಿ. ಉಳಿದದ್ದನ್ನು ಹಂತ 9ರ ನಂತರ ಒಂದೇ ಬಾರಿ, ಒಟ್ಟಿಗೆ ಬಣ್ಣ ಅದ್ದಿದ ಒಂದೇ ಡೈ ಲಾಟ್‌ನಲ್ಲಿ ತರೋಣ. ಮೊದಲ ಉಂಡೆಯ ಬಣ್ಣ ಕೂದಲೆಳೆಯಷ್ಟು ಬೇರೆ ಬಂದರೆ ಅದನ್ನು ರಿಬ್‌ಗೆ ಬಳಸಿ. ರಿಬ್‌ನಲ್ಲಿ ಯಾರಿಗೂ ಕಾಣುವುದಿಲ್ಲ.

ಹಂತ 6: ಬಣ್ಣ ತಗ್ಗಿಸಬೇಡಿ, ಬೆಳಕು ಲೆಕ್ಕ ಹಾಕಿ

‘ಸ್ವಲ್ಪ ತಿಳಿಯಾದ ಬಣ್ಣ ಹಾಕಿದರೆ ಆಗಲ್ವಾ?’ ಆಗುತ್ತದೆ. ಆದರೆ ವಿನ್ಯಾಸ ಸತ್ತುಹೋಗುತ್ತದೆ. ಈ ಪ್ಯಾಟರ್ನ್‌ಗಳು ನಿಂತಿರುವುದೇ ಬಣ್ಣಗಳ ಜಗಳದ ಮೇಲೆ. ಕಿತ್ತಳೆಯ ಜಾಗಕ್ಕೆ ಪೀಚ್, ಕಂದಿನ ಜಾಗಕ್ಕೆ ಬೀಜ್ ಹಾಕಿದರೆ ಉಳಿಯುವುದು ಒಗೆದೊಗೆದು ಮಾಸಿದ ಚಾದರ. ಕಡಿಮೆ ಮಾಡಲೇಬೇಕು ಅನಿಸಿದರೆ ಬಣ್ಣದ ಸಂಖ್ಯೆ ಕಡಿಮೆ ಮಾಡಿ, ಬಣ್ಣದ ಗಾಢತೆ ಅಲ್ಲ.

ಪುಟದ ಬಣ್ಣವನ್ನು ಅಂಗಡಿಗೆ ಒಯ್ದು ಹೋಲಿಸುವುದೂ ಬೇಡ. ಕಾಗದ ಹಳದಿಯಾಗಿದೆ, ಶಾಯಿ ಮಾಸಿದೆ. ಅಲ್ಲಿ ಸಾಸಿವೆ ಕಾಣುವುದು ಮೊದಲು ನಿಂಬೆ ಹಳದಿ ಇದ್ದಿರಬಹುದು. ಬದಲಿಗೆ ಹೀಗೆ ಮಾಡಿ. ಪುಟದ ಫೋಟೋ ಫೋನಿನಲ್ಲಿ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿ. ಯಾವ ಬಣ್ಣ ಅತಿ ಕಪ್ಪಗೆ, ಯಾವುದು ಅತಿ ಬೆಳ್ಳಗೆ ಕಾಣುತ್ತದೆ ನೋಡಿ 1ರಿಂದ 5 ಅಂಕಿ ಕೊಡಿ. ಈಗ ನಿಮ್ಮ ಐದು ಉಂಡೆಗಳನ್ನು ಸಾಲಾಗಿಟ್ಟು ಅದೇ ರೀತಿ ಫೋಟೋ ತೆಗೆಯಿರಿ. ಕ್ರಮ ಅದೇ ಬಂದರೆ ಬಣ್ಣ ಯಾವುದಾದರೂ ಇರಲಿ, ವಿನ್ಯಾಸ ಕಾಣುತ್ತದೆ.

ಎರಡು ಉಂಡೆ ಒಂದೇ ಬೂದು ಬಣ್ಣಕ್ಕೆ ಬಂದರೆ ಅಪಾಯ. ಕಿತ್ತಳೆ ಮತ್ತು ನೀಲಿಹಸಿರು ಕಣ್ಣಿಗೆ ಹಗಲು-ರಾತ್ರಿಯಷ್ಟು ಬೇರೆ, ಆದರೆ ಎರಡರ ಬೆಳಕೂ ಒಂದೇ ಇದ್ದರೆ ಅಂಚು ಕಂಪಿಸಿದಂತೆ ಕಾಣುತ್ತದೆ, ಆಕಾರ ಕರಗಿಹೋಗುತ್ತದೆ. ನಡುವೆ ಕಪ್ಪು, ಗಾಢ ಕಂದು ಅಥವಾ ಕಡುನೀಲಿ ಒಂದು ಗೆರೆ ಬಂದರೆ ಇಬ್ಬರೂ ಸುಮ್ಮನಾಗುತ್ತಾರೆ. 80ರ ದಶಕದ ಗುಲಾಬಿ-ಹಳದಿ ಸ್ವೆಟರ್‌ಗಳಲ್ಲಿ ಅಷ್ಟೊಂದು ಕಪ್ಪು ಇರುವುದು ಸುಮ್ನೆ ಅಲ್ಲ.

ಕೆಂಪು, ಕಪ್ಪು, ಕಡುನೀಲಿ ನೂಲಿನ ಒಂದು ಮೊಳ ತುಂಡನ್ನು ಬಿಸಿನೀರಲ್ಲಿ ಅದ್ದಿ ಬಿಳೀ ಬಟ್ಟೆಯಲ್ಲಿ ಹತ್ತು ನಿಮಿಷ ಒತ್ತಿಡಿ. ಬಟ್ಟೆಗೆ ಬಣ್ಣ ಅಂಟಿದರೆ ಆ ನೂಲು ಕೆನೆಬಣ್ಣದ ಪಕ್ಕ ಬೇಡ.

ಹಂತ 7: ಮಾದರಿ ತುಂಡು ಹೆಣೆಯಿರಿ, ಒಗೆಯಿರಿ, ತೂಗಿ

ಎಲ್ಲರೂ ಹಾರಿಸುವ ಹಂತ. 15 ಸೆಂ.ಮೀ. ಚೌಕ, ಅದೇ ಬಣ್ಣ, ಅದೇ ವಿನ್ಯಾಸದಲ್ಲಿ. ಒಂದೇ ಬಣ್ಣದ ಸಾದಾ ತುಂಡು ಹೆಣೆದು ಅಳೆದರೆ ಉಪಯೋಗವಿಲ್ಲ. ಎರಡು ಬಣ್ಣ ಜೊತೆಯಲ್ಲಿ ಒಯ್ಯುವಾಗ ಕೈ ಬಿಗಿಯಾಗುತ್ತದೆ. ಅಲೆಅಲೆ ವಿನ್ಯಾಸ ಆದರೆ ಇಂಚು ಎಣಿಸದೆ ಒಂದು ಅಲೆಯ ಅಗಲ ಅಳೆಯಿರಿ.

ಸ್ವೆಟರ್ ಹೇಗೆ ಒಗೆಯುತ್ತೀರೋ ಹಾಗೇ ಒಗೆದು, ಒಣಗಿಸಿ, ಆಮೇಲೆ ನಡುವಿನ 10 ಸೆಂ.ಮೀ. ಅಳೆಯಿರಿ. ಅಂಚಿನ ಸ್ಟಿಚ್ ಎಣಿಸಬೇಡಿ. ಅರ್ಧ ಸ್ಟಿಚ್ಚನ್ನೂ ಬಿಡಬೇಡಿ. ನಮ್ಮ ವೆಸ್ಟಿನಲ್ಲಿ ಇಂಚಿಗೆ 7ರ ಬದಲು 6.5 ಬಂದರೆ 244 ಸ್ಟಿಚ್ 34.9 ಇಂಚಿನ ಬದಲು 37.5 ಆಗುತ್ತದೆ. ಅರ್ಧ ಸ್ಟಿಚ್‌ಗೆ ಎರಡೂವರೆ ಇಂಚು!

ಸ್ಟಿಚ್ ಕಡಿಮೆ ಬಂದರೆ ಸಣ್ಣ ಕಡ್ಡಿ, ಜಾಸ್ತಿ ಬಂದರೆ ದಪ್ಪ ಕಡ್ಡಿ. ಕಡ್ಡಿ ಬದಲಿಸಿ, ಕೈ ಬಿಗಿ ಮಾಡಲು ಹೋಗಬೇಡಿ. ಮೂರನೇ ದಿನ ಕೈ ತನ್ನ ಹಳೇ ಚಾಳಿಗೆ ಬಂದೇ ಬರುತ್ತದೆ. ಮುಗಿದ ತುಂಡನ್ನು ತಕ್ಕಡಿಗಿಟ್ಟು ತೂಕ ಬರೆದಿಡಿ, ಬಿಚ್ಚಬೇಡಿ.

ಹಂತ 8: ನಿಮ್ಮ ಮೈಗೆ ತಿದ್ದಿ

ಎರಡು ದಾರಿ. ಮೊದಲನೆಯದು ಸೋಮಾರಿಗಳ ದಾರಿ, ನನಗೆ ಇದೇ ಇಷ್ಟ. ಸ್ಟಿಚ್ ಸಂಖ್ಯೆ ಮುಟ್ಟದೆ ನೂಲು, ಕಡ್ಡಿ ಒಂಚೂರು ದಪ್ಪ ಮಾಡುವುದು. ಇಂಚಿಗೆ 6 ಬರುವಂತೆ ಮಾಡಿದರೆ ಅದೇ 244 ಸ್ಟಿಚ್ 40.7 ಇಂಚು ಆಗುತ್ತದೆ. 5.5 ಬಂದರೆ 44.4. ಚಾರ್ಟ್ ಹಾಗೇ ಇರುತ್ತದೆ, ಒಂದು ವಜ್ರವೂ ಕತ್ತರಿಸುವುದಿಲ್ಲ. ಒಂದೇ ಎಚ್ಚರ: ಸಾಲುಗಳೂ ಎತ್ತರವಾಗುತ್ತವೆ. ‘7 ಇಂಚು ಆಗುವವರೆಗೆ ಹೆಣೆಯಿರಿ’ ಅಂತಿದ್ದರೆ ತೊಂದರೆಯಿಲ್ಲ. ‘63 ಸಾಲು ಹೆಣೆಯಿರಿ’ ಅಂತಿದ್ದರೆ, ಇಂಚಿಗೆ 9ರ ಬದಲು 7.5 ಸಾಲು ಬಂದಾಗ ಕಂಕುಳು 8.4 ಇಂಚು ಆಳವಾಗುತ್ತದೆ. ಸಾಲಿನ ಸಂಖ್ಯೆಯನ್ನೆಲ್ಲ ಇಂಚಿಗೆ ಬದಲಿಸಿಕೊಳ್ಳಿ.

ಎರಡನೆಯದು ಸ್ಟಿಚ್ ಹೆಚ್ಚಿಸುವುದು. ಎದೆ 40, ಸಡಿಲ 2, ಒಟ್ಟು 42. ಅರ್ಧ 21 ಇಂಚು, 7ರಿಂದ ಗುಣಿಸಿದರೆ 147. ಆದರೆ ವಜ್ರ 12 ಸ್ಟಿಚ್‌ಗೊಮ್ಮೆ ಮರುಕಳಿಸುತ್ತದೆ, ಅಂಚಿಗೆ 2. ಮೂಲ 122 ಅಂದರೆ 10 ವಜ್ರ ಮತ್ತು 2. ಹಾಗಾಗಿ 12 ವಜ್ರ ಮತ್ತು 2, ಅಂದರೆ 146 ತೆಗೆದುಕೊಳ್ಳಿ. ಸುತ್ತಳತೆ 41.7. ಸರಿಹೋಯಿತು.

ಈಗ ಎಲ್ಲರೂ ಮಾಡುವ ತಪ್ಪು: ಕಂಕುಳು, ಹೆಗಲು, ಕುತ್ತಿಗೆ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಹಿಗ್ಗಿಸುವುದು. ಎದೆ ದಪ್ಪವಾದಷ್ಟು ಹೆಗಲು ಅಗಲವಾಗುವುದಿಲ್ಲ, ಕುತ್ತಿಗೆಯಂತೂ ಹೆಚ್ಚುಕಡಿಮೆ ಅಷ್ಟೇ. ಕುತ್ತಿಗೆಯ 42 ಸ್ಟಿಚ್ ಹಾಗೇ ಇರಲಿ. ಹೆಗಲಿಂದ ಹೆಗಲಿಗೆ 15 ಇಂಚು ಬೇಕಾದರೆ 106 ಸ್ಟಿಚ್. 146ರಿಂದ 106ಕ್ಕೆ ಬರಲು 40 ಇಳಿಸಬೇಕು. ಪ್ರತಿ ಬದಿ 9 ಒಟ್ಟಿಗೆ ಮುಚ್ಚಿ, ಆಮೇಲೆ ಒಂದು ಬಿಟ್ಟು ಒಂದು ಸಾಲಿನಂತೆ 11 ಸಲ ಒಂದೊಂದು ಇಳಿಸಿ. ಹೆಗಲಿಗೆ ತಲಾ 32 ಉಳಿಯುತ್ತದೆ. 11, 11, 10 ಅಂತ ಮೂರು ಸಲ ಮುಚ್ಚಿ. ಕಂಕುಳ ಆಳ ಅರ್ಧ ಇಂಚು ಹೆಚ್ಚಿಸಿದರೆ ಸಾಕು.

ಕುತ್ತಿಗೆ ತಲೆಗೆ ಹಿಡಿಯುತ್ತದಾ ಅಂತಲೂ ನೋಡಿ. ಹಳೇ ಪ್ಯಾಟರ್ನ್‌ಗಳಲ್ಲಿ ಬೆನ್ನ ಮೇಲೆ ಗುಂಡಿ ಅಥವಾ ಜಿಪ್ ಇರುತ್ತಿತ್ತು. ಅದನ್ನು ಬೇಡ ಅಂತ ಬಿಟ್ಟರೆ ಕುತ್ತಿಗೆ ಪಟ್ಟಿ ಎಳೆದಾಗ ನಿಮ್ಮ ತಲೆಯ ಸುತ್ತಳತೆಯಷ್ಟು ಹಿಗ್ಗಬೇಕು. ದೊಡ್ಡವರ ತಲೆ ಸುಮಾರು 55ರಿಂದ 58 ಸೆಂ.ಮೀ.

ಹಂತ 9: ಎಷ್ಟು ನೂಲು ಬೇಕು

ಮಾದರಿ ತುಂಡು ಈಗ ಕೆಲಸಕ್ಕೆ ಬರುತ್ತದೆ. 15 × 15 ಸೆಂ.ಮೀ. ಅಂದರೆ 225 ಚದರ ಸೆಂ.ಮೀ. ತೂಕ 9 ಗ್ರಾಂ ಅಂದುಕೊಳ್ಳಿ. 9 ಭಾಗಿಸು 225, ಅಂದರೆ ಚದರ ಸೆಂ.ಮೀ.ಗೆ 0.04 ಗ್ರಾಂ. ವೆಸ್ಟಿನ ಒಂದು ಬದಿ 53 ಸೆಂ.ಮೀ. ಅಗಲ, 56 ಉದ್ದ. ಎರಡು ಬದಿ ಸೇರಿ ಸುಮಾರು 5,900 ಚದರ ಸೆಂ.ಮೀ. 0.04ರಿಂದ ಗುಣಿಸಿದರೆ 236 ಗ್ರಾಂ. ಅದಕ್ಕೆ 15 ಶೇಕಡಾ ಸೇರಿಸಿ 270 ಗ್ರಾಂ. ಕಂಕುಳು, ಕುತ್ತಿಗೆಯ ಖಾಲಿ ಜಾಗ ಕಳೆಯಬೇಡಿ, ಪಟ್ಟಿಗಳಿಗೆ ಸರಿಹೋಗುತ್ತದೆ. ಚಾರ್ಟಿನ ಒಂದು ಆವರ್ತನದಲ್ಲಿ ಯಾವ ಬಣ್ಣದ ಮನೆಗಳು ಎಷ್ಟಿವೆ ಎಣಿಸಿ ಬಣ್ಣವಾರು ಹಂಚಿ.

ಹಂತ 10: ಚಾರ್ಟ್ ಬಣ್ಣ ತುಂಬಿ

ಕಪ್ಪು-ಬಿಳುಪು ಚಾರ್ಟಿನಲ್ಲಿ ಚುಕ್ಕೆ, ಅಡ್ಡಗೆರೆ, ಇಂಟು, ಸೊನ್ನೆ. ಹತ್ತು ಸಾಲು ಆಗುವಷ್ಟರಲ್ಲಿ ಇಂಟು ಕಿತ್ತಳೆಯೋ ಸೊನ್ನೆ ಕಿತ್ತಳೆಯೋ ಮರೆತಿರುತ್ತೀರಿ. ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿಸಿ ಪೆನ್ಸಿಲ್ಲಿನಿಂದ ಬಣ್ಣ ತುಂಬಿ.

ಕೆಳಗಿನಿಂದ ಮೇಲಕ್ಕೆ ಓದಬೇಕು. ಮುಂಬದಿಯ ಸಾಲನ್ನು ಬಲದಿಂದ ಎಡಕ್ಕೆ, ಹಿಂಬದಿಯ ಸಾಲನ್ನು ಎಡದಿಂದ ಬಲಕ್ಕೆ. ವೃತ್ತವಾಗಿ ಹೆಣೆದರೆ ಎಲ್ಲವೂ ಬಲದಿಂದ ಎಡಕ್ಕೆ. ಅಂಟುವ ಚೀಟಿಯನ್ನು ಹೆಣೆಯುತ್ತಿರುವ ಸಾಲಿನ ಮೇಲ್ಗಡೆ ಅಂಟಿಸಿ, ಕೆಳಗಡೆ ಅಲ್ಲ. ಹೆಣೆದಾದ ಸಾಲುಗಳು ಕಣ್ಣಿಗೆ ಕಾಣುತ್ತಿರಬೇಕು. ಆಗ ಒಂದು ಸ್ಟಿಚ್ ಪಕ್ಕಕ್ಕೆ ಸರಿದರೆ ತಕ್ಷಣ ತಿಳಿಯುತ್ತದೆ.

ಗಿಳಿಯನ್ನು ತೆಗೆದು ನಿಮ್ಮದೇ ಚಿತ್ರ ಬರೆಯುವ ಯೋಚನೆ ಇದ್ದರೆ, ಮಾಮೂಲಿ ಚೌಕುಳಿ ಕಾಗದದಲ್ಲಿ ಬರೆಯಬೇಡಿ. ಹೆಣಿಗೆಯ ಸ್ಟಿಚ್ ಅಗಲ ಜಾಸ್ತಿ, ಎತ್ತರ ಕಡಿಮೆ. 28 ಸ್ಟಿಚ್, 36 ಸಾಲು ಟೆನ್ಷನ್ ಇದ್ದರೆ, 28 ಮನೆ ಅಗಲ, 28 ಮನೆ ಎತ್ತರದ ವೃತ್ತ ಬಟ್ಟೆಯ ಮೇಲೆ 10 ಸೆಂ.ಮೀ. ಅಗಲ, 7.8 ಎತ್ತರ ಬರುತ್ತದೆ. ಗಿಳಿ ಕೋಳಿಮರಿಯಾಗುತ್ತದೆ.

ಹಂತ 11: ಹಿಂಭಾಗದಿಂದ ಶುರು ಮಾಡಿ

ತೋಳಿದ್ದರೆ ತೋಳಿನಿಂದ, ಇಲ್ಲದಿದ್ದರೆ ಹಿಂಭಾಗದಿಂದ. ಕೈ ಪಳಗುವ ತಪ್ಪೆಲ್ಲ ಅಲ್ಲಿರಲಿ, ಎದೆ ಮೇಲೆ ಬೇಡ.

ಸಣ್ಣ ವಿನ್ಯಾಸ ಸಾಲುದ್ದಕ್ಕೂ ಮರುಕಳಿಸಿದರೆ ಎರಡೂ ನೂಲು ಹಿಂದೆ ಒಯ್ಯಬೇಕು. 5 ಸ್ಟಿಚ್‌ಗಿಂತ ಜಾಸ್ತಿ ನೂಲು ಸುಮ್ಮನೆ ಹಿಂದೆ ಓಡಿದರೆ ನಡುವೆ ಒಮ್ಮೆ ಸಿಕ್ಕಿಸಿ. ಬಲಗೈ ಕಡ್ಡಿಯ ಸ್ಟಿಚ್‌ಗಳನ್ನು ಹರಡಿ, ಆಮೇಲೆ ಬಣ್ಣ ಬದಲಿಸಿ. ಈ ಒಂದು ಅಭ್ಯಾಸ ಸುಕ್ಕನ್ನು ಮುಕ್ಕಾಲು ಪಾಲು ತಪ್ಪಿಸುತ್ತದೆ.

ಗಿಳಿಯಂಥ ದೊಡ್ಡ ಚಿತ್ರ ಬೇರೆ. ಅಲ್ಲಿ ನೂಲು ಹಿಂದೆ ಓಡಬಾರದು. ಪ್ರತಿ ಬಣ್ಣದ ತುಂಡಿಗೂ ಬೇರೆ ರಟ್ಟಿನ ತುಂಡು. ಬಣ್ಣ ಬದಲಾಗುವ ಜಾಗದಲ್ಲಿ ಹಳೇ ನೂಲಿನ ಕೆಳಗಿನಿಂದ ಹೊಸದನ್ನು ಎತ್ತಿ ಒಂದು ಸುತ್ತು ಹಾಕಿ. ಮರೆತರೆ ಅಲ್ಲಿ ಸೀಳು ಬರುತ್ತದೆ. ನೂಲು ಕತ್ತರಿಸಿದಾಗ ಉಳಿಯುವ ಬಾಲಗಳನ್ನು ಪ್ರತಿ ಹತ್ತು ಸಾಲಿಗೊಮ್ಮೆ ಸೂಜಿಯಲ್ಲಿ ಸಿಕ್ಕಿಸುತ್ತಾ ಬನ್ನಿ. ಕೊನೆಗೆ ಇಟ್ಟರೆ ನೂರಾರು ಬಾಲಗಳ ಆ ಸ್ವೆಟರ್ ಕಪಾಟು ಸೇರುತ್ತದೆ, ಹೊರಗೆ ಬರುವುದಿಲ್ಲ.

ಕೈ ನಿಲ್ಲಿಸಿ ನೋಡಬೇಕಾದ ಲಕ್ಷಣಗಳಿವು. 10 ಸೆಂ.ಮೀ. ಹೆಣೆದಾಗ ಅಗಲ ಲೆಕ್ಕಕ್ಕಿಂತ 1 ಸೆಂ.ಮೀ. ಆಚೀಚೆ ಇದ್ದರೆ ಬಿಚ್ಚಿ, ‘ಒಗೆದರೆ ಸರಿಹೋಗುತ್ತೆ’ ಅನ್ನಬೇಡಿ. ಬಣ್ಣದ ಭಾಗ ರಿಬ್‌ಗಿಂತ ಒಳಕ್ಕೆ ಎಳೆದುಕೊಂಡರೆ ಹಿಂದಿನ ನೂಲು ಬಿಗಿ. ಮುಂಬದಿಯಲ್ಲಿ ಬೇರೆ ಬಣ್ಣದ ಚುಕ್ಕೆ ಇಣುಕಿದರೆ ಹಿಂದಿನ ನೂಲು ಸಡಿಲ. ಮೊದಲ ಉಂಡೆ ಮುಗಿದಾಗ ಎಷ್ಟು ಸೆಂ.ಮೀ. ಆಯಿತು ಅಂತ ಅಳೆಯಿರಿ. ಅಂದಾಜು ತಪ್ಪಿದ್ದರೆ ಅದೇ ಡೈ ಲಾಟ್ ಇನ್ನೂ ಸಿಗುವಾಗಲೇ ಗೊತ್ತಾಗಲಿ.

ಹಂತ 12: ಹಬೆ, ಹೊಲಿಗೆ, ಒಗೆತ

ಉಣ್ಣೆ ಆದರೆ ಒದ್ದೆ ಮಾಡಿ, ಟವೆಲ್ಲಿನಲ್ಲಿ ಸುತ್ತಿ ನೀರು ಹಿಂಡಿ, ಅಳತೆಗೆ ಹರಡಿ ಪಿನ್ ಹಾಕಿ ಒಣಗಿಸಿ. ನೇತುಹಾಕಬೇಡಿ. ಅಕ್ರಿಲಿಕ್ ಆದರೆ ಇಸ್ತ್ರಿಪೆಟ್ಟಿಗೆ ದೂರ ಇಡಿ. ಹಳೇ ಪ್ಯಾಟರ್ನ್‌ಗಳಲ್ಲಿ ‘ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಮಾಡಿ’ ಅಂತ ಇರುವುದು ಉಣ್ಣೆಗೆ. ಅಕ್ರಿಲಿಕ್‌ಗೆ ಹಾಗೆ ಮಾಡಿದರೆ ನೂಲಿನ ಜಿಗಿತ ಸತ್ತು ಬಟ್ಟೆ ಜೋಲುತ್ತದೆ, ಮತ್ತೆ ಸರಿಹೋಗುವುದಿಲ್ಲ. ರಿಬ್‌ಗೆ ಯಾವ ನೂಲಾದರೂ ಇಸ್ತ್ರಿ ಬೇಡ.

ಹೊಲಿಯುವ ಕ್ರಮ: ಮೊದಲು ಹೆಗಲು, ಆಮೇಲೆ ಕುತ್ತಿಗೆ ಪಟ್ಟಿ, ಆಮೇಲೆ ತೋಳು ಅಥವಾ ಕಂಕುಳ ಪಟ್ಟಿ, ಕೊನೆಗೆ ಪಕ್ಕ. ಹೆಗಲು ಹೊಲಿದ ಕೂಡಲೇ ತಲೆ ತೂರಿಸಿ ನೋಡಿ. ಪಕ್ಕದ ಹೊಲಿಗೆಯನ್ನು ಕೆಳಗಿನಿಂದ ಎಳೆದುಕೊಂಡು ಹೋಗದೆ, ಎರಡೂ ಬದಿಯ ವಜ್ರದ ತುದಿಗಳು ಸೇರುವ ಕಡೆಯೆಲ್ಲ ಮೊದಲು ಪಿನ್ ಚುಚ್ಚಿ. ನಡುವೆ ಉಳಿಯುವ ಒಂದೆರಡು ಸಾಲಿನ ವ್ಯತ್ಯಾಸವನ್ನು ಪಿನ್ನಿನಿಂದ ಪಿನ್ನಿಗೆ ಹಂಚಿ ಹೊಲಿಯಿರಿ. ಕಂಕುಳ ಕೆಳಗೆ ಬಂದು ಸೇರುವ ವಜ್ರ ಅರ್ಧ ಸಾಲು ಏರುಪೇರಾದರೆ ಬಿಡಿ, ಕೈ ಎತ್ತಿದಾಗ ಮಾತ್ರ ಕಾಣುತ್ತದೆ.